ತಂತಿಯ ಕೆಳಗಿನ ನೆಲದ ಕಾನೂನು: ತುಮಕೂರಿನ ಒಂದು ಭಾನುವಾರದ ತರಗತಿ

ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಸಭಾಂಗಣದಲ್ಲಿ ಭಾನುವಾರಗಳಂದು ಪರಿಸರ ಮತ್ತು ಇಂಧನ ಕಾನೂನಿನ ತರಗತಿ ನಡೆಯುತ್ತದೆ. ಹನ್ನೆರಡು ವಾರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ, ಶುಲ್ಕ 4,500 ರೂಪಾಯಿ. ಪಾಠ ಮಾಡುವವರು ಮೂರು ದಶಕಗಳಿಗೂ ಹೆಚ್ಚು ಕಾಲ ಕಾನೂನು ಕಾಲೇಜುಗಳಲ್ಲಿ ಕಲಿಸಿ ನಿವೃತ್ತರಾದ ಒಬ್ಬ ಪ್ರಾಧ್ಯಾಪಕಿ. ತಮ್ಮ ಹೆಸರನ್ನು ಎಲ್ಲಿಯೂ ಮುಂದೆ ಮಾಡುವುದು ಅವರಿಗೆ ಇಷ್ಟವಿಲ್ಲದ ಕಾರಣ, ತರಗತಿಯಲ್ಲಿ ನಾವೆಲ್ಲ ಕರೆಯುತ್ತಿದ್ದ ಹಾಗೆ ಮೇಡಂ ಎಂದೇ ಇಲ್ಲಿ ಬರೆಯುತ್ತೇನೆ. ನಾನು ಇದೇ ಊರಿನ ನ್ಯಾಯಾಲಯದಲ್ಲಿ ಒಂಬತ್ತು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಹುಟ್ಟಿದ ಊರು ಪಾವಗಡ ತಾಲ್ಲೂಕಿನಲ್ಲಿದೆ. ಹನ್ನೆರಡು ವಾರಗಳಲ್ಲಿ ಒಂದು ತರಗತಿಯನ್ನೂ ತಪ್ಪಿಸಿಕೊಳ್ಳದೆ ಕುಳಿತ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರಿಸರ ಕಾನೂನನ್ನೂ ವಿದ್ಯುತ್ ಕಾನೂನನ್ನೂ ಒಂದೇ ಕಡತದಲ್ಲಿಟ್ಟು, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ನೆಲದ ಮೇಲೆ ನಿಂತು, ಕನ್ನಡದಲ್ಲಿ ಕಲಿಸುವ ಇನ್ನೊಂದು ತರಗತಿಯನ್ನು ನಾನು ಕಂಡಿಲ್ಲ. ಅದು ಸಾಧ್ಯವಾಗಿರುವುದು ಮೇಡಂ ಅವರ ವೃತ್ತಿಜೀವನ ಸಾಗಿಬಂದ ದಾರಿಯಿಂದ. ಆದ್ದರಿಂದ ಈ ವಿಮರ್ಶೆಯಲ್ಲಿ ಕುರ್ಚಿ, ಫ್ಯಾನು, ಟಿಪ್ಪಣಿ ಪುಸ್ತಕಗಳಿಗಿಂತ ಆ ದಾರಿಯ ಬಗ್ಗೆಯೇ ಹೆಚ್ಚು ಬರೆಯಬೇಕಾಗಿದೆ.

ಮೊದಲ ದಿನ ಅವರು ಯಾವ ಕಾಯ್ದೆಯನ್ನೂ ತೆರೆಯಲಿಲ್ಲ. ಹಲಗೆಯ ಎಡಮೂಲೆಯಲ್ಲಿ ಶಿವನಸಮುದ್ರ ಎಂದೂ ಬಲಮೂಲೆಯಲ್ಲಿ ಕೋಲಾರ ಚಿನ್ನದ ಗಣಿ ಎಂದೂ ಬರೆದು, ನಡುವೆ ಒಂದು ಗೆರೆ ಎಳೆದು, ಅದರ ಮೇಲೆ 1902 ಎಂದು ಬರೆದರು. ಕಾವೇರಿಯ ಜಲಪಾತದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು, ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತುವುದಕ್ಕೆ ಮೂರು ವರ್ಷ ಮೊದಲೇ ಕೋಲಾರದ ಗಣಿಗಳಿಗೆ ತಲುಪಿತ್ತು. ಈ ಗೆರೆಯ ಒಂದು ತುದಿಯಲ್ಲಿ ನದಿ ಇದೆ, ಇನ್ನೊಂದು ತುದಿಯಲ್ಲಿ ಗಣಿ ಇದೆ, ನಡುವೆ ಯಾರದೋ ಹೊಲಗಳಿವೆ. ಈ ಮೂರರ ಬಗ್ಗೆಯೂ ಬೇರೆ ಬೇರೆ ಕಾನೂನುಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕಲಿಸುತ್ತೇವೆ, ಆದರೆ ತಂತಿ ಮಾತ್ರ ಒಂದೇ, ಎಂದು ಅವರು ಹೇಳಿದರು. ಹನ್ನೆರಡು ವಾರವೂ ಆ ಗೆರೆಯನ್ನು ಒಂದಲ್ಲ ಒಂದು ರೂಪದಲ್ಲಿ ಅವರು ಹಲಗೆಯ ಮೇಲೆ ಎಳೆಯುತ್ತಲೇ ಇದ್ದರು.

ಕೆಜಿಎಫ್ ಅವರ ಸ್ವಂತ ಊರು. ಅವರ ತಂದೆ ಗಣಿಯಲ್ಲಿ ಕೆಲಸಕ್ಕಿದ್ದವರು. ಅದಿರು ಅರೆದು ಸೈನೈಡಿನಿಂದ ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಬೂದುಬಣ್ಣದ ಪುಡಿಯನ್ನು ದಶಕಗಳ ಕಾಲ ಸುರಿದು ಸುರಿದು ಎದ್ದ ದಿಬ್ಬಗಳನ್ನು ಆ ಊರು ನೋಡಿದವರೆಲ್ಲ ಬಲ್ಲರು. ಅಲ್ಲಿನವರ ಬಾಯಲ್ಲಿ ಅದು ಸೈನೈಡ್ ದಿಬ್ಬ. ಬೇಸಿಗೆಯ ಗಾಳಿಗೆ ಅದರ ದೂಳು ಮನೆಯೊಳಗಿನ ನೀರಿನ ಬಿಂದಿಗೆಯ ಮೇಲೆ ಕೆನೆಯಂತೆ ಕೂರುತ್ತಿತ್ತು, ತಾಯಿ ಬಿಂದಿಗೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು ಎಂದು ಅವರು ಹೇಳಿದಾಗ, ಪರಿಸರ ಕಾನೂನಿಗೆ ಅವರು ಎಲ್ಲಿಂದ ಬಂದರೆಂದು ನಾವು ಕೇಳಬೇಕಾಗಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ದಿಬ್ಬಗಳು ಉಳಿದವು. ಕಂಪನಿ ಮುಚ್ಚಿದ ಮೇಲೆ ಅದರ ಕಸಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ಅವರು ಪರೀಕ್ಷೆಯ ಪ್ರಶ್ನೆಯ ಹಾಗೆ ಎಂದೂ ಕೇಳುವುದಿಲ್ಲ; ಮನೆಯ ಪ್ರಶ್ನೆಯ ಹಾಗೆ ಕೇಳುತ್ತಾರೆ.

ಕಾನೂನು ಪದವಿಗೆ ಅವರು ಸೇರಿದ ಕಾಲಕ್ಕೆ ಪರಿಸರ ಕಾನೂನು ಎಂಬ ಪ್ರತ್ಯೇಕ ಪತ್ರಿಕೆಯೇ ಅವರ ಕಾಲೇಜಿನಲ್ಲಿರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೇಳುವ ಅಪಕೃತ್ಯ (ಟಾರ್ಟ್) ಕಾನೂನಿನ ಪಾಠದಲ್ಲಿ ನ್ಯೂಸೆನ್ಸ್ ಎಂಬ ಅಧ್ಯಾಯ ಬರುತ್ತಿತ್ತು, ಪಕ್ಕದ ಮನೆಯ ಹೊಗೆ ಮತ್ತು ಸದ್ದಿನ ಇಂಗ್ಲಿಷ್ ಮೊಕದ್ದಮೆಗಳು ಬರುತ್ತಿದ್ದವು, ಅಲ್ಲಿಗೆ ಮುಗಿಯುತ್ತಿತ್ತು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 48ಎ ಮತ್ತು 51ಎ(ಜಿ) ವಿಧಿಗಳು ಪುಸ್ತಕದಲ್ಲಿದ್ದರೂ ತರಗತಿಗೆ ಇನ್ನೂ ಬಂದಿರಲಿಲ್ಲ. ಅವರು ವಿದ್ಯಾರ್ಥಿನಿಯಾಗಿದ್ದಾಗಲೇ 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿತು. ಮರುವರ್ಷ ದೆಹಲಿಯಲ್ಲಿ ಓಲಿಯಂ ಅನಿಲ ಸೋರಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಪಾಯಕಾರಿ ಉದ್ಯಮಗಳ ಮೇಲೆ ಯಾವ ವಿನಾಯಿತಿಯೂ ಇಲ್ಲದ ಪೂರ್ಣ ಹೊಣೆಗಾರಿಕೆಯನ್ನು ಹೊರಿಸಿತು. ಆ ಎರಡು ವರ್ಷಗಳಲ್ಲಿ ನನ್ನ ಪಠ್ಯಪುಸ್ತಕ ನನ್ನ ಕಣ್ಣೆದುರೇ ಹಳತಾಯಿತು ಎಂದು ಅವರು ಹೇಳುತ್ತಾರೆ.

ಮುಂದಿನ ದಾರಿ ಸುಲಭದ್ದಾಗಿರಲಿಲ್ಲ. ಗಂಟೆಗಿಷ್ಟು ಎಂದು ಸಂಬಳ ಪಡೆಯುವ ಅರೆಕಾಲಿಕ ಉಪನ್ಯಾಸಕಿಯಾಗಿ ಅವರು ವರ್ಷಗಳನ್ನು ಕಳೆದರು. ಬೆಳಿಗ್ಗೆ ಒಂದು ಊರಿನ ಕಾಲೇಜು, ಸಂಜೆ ಇನ್ನೊಂದು ಊರಿನ ಕಾಲೇಜು, ನಡುವೆ ಕೆಂಪು ಬಸ್ಸು. ಕರಾರು ಕಾನೂನು, ಕುಟುಂಬ ಕಾನೂನು, ಭೂಸುಧಾರಣೆ, ಯಾರೂ ಒಪ್ಪಿಕೊಳ್ಳದ ಎಲ್ಲ ಪತ್ರಿಕೆಗಳೂ ಅವರ ಪಾಲಿಗೆ ಬರುತ್ತಿದ್ದವು. ಆ ಅಲೆದಾಟವೇ ಇಂದು ಅವರ ಪಾಠದ ಬಲ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಪಹಣಿ, ಪೋಡಿ, ಹಿಸ್ಸಾ ನಕ್ಷೆಗಳಂಥ ಜಮೀನಿನ ದಾಖಲೆಗಳ ಪರಿಚಯವಿಲ್ಲದೆ ಪರಿಸರ ಕಾನೂನನ್ನು ಕಲಿಸುವವರು ಹೆಚ್ಚಾಗಿ ತೀರ್ಪುಗಳಲ್ಲೇ ಉಳಿದುಬಿಡುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಕಡ್ಡಾಯ ಪತ್ರಿಕೆಗಳ ಪಟ್ಟಿಯಲ್ಲಿ ಪರಿಸರ ಕಾನೂನು ಇದೆ; ಆ ಹೊತ್ತಿಗೆ ಅವರ ಬಳಿ ಆ ವಿಷಯದ ಟಿಪ್ಪಣಿಗಳ ಒಂದು ಕಬ್ಬಿಣದ ಪೆಟ್ಟಿಗೆಯೇ ತುಂಬಿತ್ತು.

ವಿದ್ಯುತ್ ಕಾನೂನಿಗೆ ಅವರು ಬಂದದ್ದು ನೀರಿನ ದಾರಿಯಿಂದ. ಪಿಎಚ್.ಡಿ.ಗೆ ಅವರು ಆರಿಸಿಕೊಂಡದ್ದು ಬಯಲುಸೀಮೆಯ ಅಂತರ್ಜಲದ ಕಾನೂನು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದ, ನೆಲದ ಒಡೆಯನೇ ಅದರ ಕೆಳಗಿನ ನೀರಿಗೂ ಒಡೆಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನಡುವೆ ಆ ಭಾವನೆಗೆ ಏನು ಅರ್ಥ ಎಂಬುದು ಅವರ ಪ್ರಶ್ನೆಯಾಗಿತ್ತು. ಹಳ್ಳಿಗಳಲ್ಲಿ ತಿರುಗುವಾಗ ಅವರು ಕಂಡದ್ದೇನೆಂದರೆ, ಎಷ್ಟು ನೀರು ಮೇಲಕ್ಕೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಯಾವ ಅಂತರ್ಜಲ ಪ್ರಾಧಿಕಾರವೂ ಅಲ್ಲ, ತ್ರೀ ಫೇಸ್ ಕರೆಂಟು ಬರುವ ಹೊತ್ತು. 1999ರಲ್ಲಿ ಕರ್ನಾಟಕದ ವಿದ್ಯುತ್ ಸುಧಾರಣಾ ಕಾಯ್ದೆ ಜಾರಿಗೆ ಬಂದು ಹಳೆಯ ವಿದ್ಯುತ್ ಮಂಡಳಿ ಹೋಗಿ ಕೆಪಿಟಿಸಿಎಲ್ ಎಂಬ ಸರ್ಕಾರಿ ಕಂಪನಿ ಬಂತು, ದರ ನಿಗದಿಗೆ ಆಯೋಗ ಬಂತು. 2002ರಲ್ಲಿ ನಮ್ಮ ಕಡೆ ವಿದ್ಯುತ್ ಹಂಚುವ ಬೆಸ್ಕಾಂ ಬಂತು. 2003ರಲ್ಲಿ ಇಡೀ ದೇಶಕ್ಕೆ ಹೊಸ ವಿದ್ಯುಚ್ಛಕ್ತಿ ಕಾಯ್ದೆ ಬಂತು. 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಬಂತು. 2011ರಲ್ಲಿ ಅಂತರ್ಜಲ ಕಾಯ್ದೆಯೂ ಬಂತು. ಈ ಐದನ್ನೂ ಅಕ್ಕಪಕ್ಕ ಇಟ್ಟು ಓದದೆ ಒಂದು ಕೊಳವೆಬಾವಿ ಬತ್ತಿದ ಕಾರಣವನ್ನು ಕಾನೂನಿನ ಭಾಷೆಯಲ್ಲಿ ಹೇಳಲಾಗದು ಎಂಬುದು ಅವರ ವಾದ. ನಾಲ್ಕನೆಯ ವಾರದ ತರಗತಿಯೆಲ್ಲ ಇದರ ಮೇಲೆಯೇ ನಡೆಯಿತು. ನನ್ನ ಮಟ್ಟಿಗೆ ಅದು ಇಡೀ ಹನ್ನೆರಡು ವಾರಗಳಲ್ಲಿ ಅತ್ಯಂತ ಗಟ್ಟಿಯಾದ ಪಾಠ.

ಕನ್ನಡದಲ್ಲಿ ಕಲಿಸುತ್ತಾರೆ ಎಂದರೆ ಇಂಗ್ಲಿಷ್ ಪದಗಳಿಗೆ ಸಂಸ್ಕೃತದ ಪದಗಳನ್ನು ಜೋಡಿಸುತ್ತಾರೆ ಎಂದು ನಾನು ಭಾವಿಸಿದ್ದೆ. ಹಾಗಾಗಲಿಲ್ಲ. 1996ರ ಕಮಲ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕಾನೂನಿಗೆ ಸೇರಿಸಿದ ಸಾರ್ವಜನಿಕ ನ್ಯಾಸ ತತ್ತ್ವವನ್ನು ಅವರು ನೀರುಗಂಟಿಯಿಂದ ಆರಂಭಿಸಿದರು. ಕೆರೆಯ ತೂಬಿನ ಮೇಲೆ ಕೈಯಿರುವುದು ನೀರುಗಂಟಿಯದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು ಅವನು. ಆದರೆ ಕೆರೆ ಅವನದಲ್ಲ. ತೂಬು ಎತ್ತುವ ಅಧಿಕಾರವಿದೆ ಎಂದು ಕೆರೆಯನ್ನು ಮಾರಲು ಬರುವುದಿಲ್ಲ, ತನ್ನ ನೆಂಟನ ಗದ್ದೆಗೆ ಮಾತ್ರ ಬಿಡಲು ಬರುವುದಿಲ್ಲ. ನದಿ, ಕೆರೆ, ಕಾಡುಗಳ ವಿಷಯದಲ್ಲಿ ಸರ್ಕಾರ ನೀರುಗಂಟಿ, ಅಷ್ಟೇ. ನಮ್ಮ ತಂಡದಲ್ಲಿದ್ದ ಕೋಲಾರದ ಹಿರಿಯ ರೈತರೊಬ್ಬರು ಈ ಮಾತು ಕೇಳಿ, ನಮ್ಮಜ್ಜ ಅದೇ ಕೆಲಸ ಮಾಡುತ್ತಿದ್ದರು ಎಂದು ಎದ್ದು ನಿಂತರು. ಅಲ್ಲಿಂದ ಮೇಡಂ ನೇರವಾಗಿ ಕೆ.ಸಿ. ವ್ಯಾಲಿ ಯೋಜನೆಗೆ ಹೋದರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರಿನಷ್ಟು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರಲ್ಲಿ ನೀರು ಬಂದ ಕೆಲವೇ ವಾರಗಳಲ್ಲಿ ನೊರೆ ಕಂಡಿತು, ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಬಳಿಕ ತೆರವಾಯಿತು, ವಿವಾದ ಸುಪ್ರೀಂ ಕೋರ್ಟಿಗೂ ಹೋಯಿತು. ಬತ್ತಿದ ಕೆರೆಗೆ ನೀರು ತರುವುದೂ ನೀರುಗಂಟಿಯ ಕೆಲಸ, ತಂದ ನೀರು ಯಾವ ಗುಣದ್ದೆಂದು ನೋಡುವುದೂ ಅವನ ಕೆಲಸ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಊರಿನವರಿಗೆ ಹೇಳುವ ಹಕ್ಕು ಅವನಿಗಿಲ್ಲ ಎಂಬುದು ಅವರ ನಿಲುವು. ರೈತರು ಇದನ್ನು ಪೂರ್ತಿ ಒಪ್ಪಲಿಲ್ಲ. ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡವರ ಸಂತೋಷವನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ ಎಂದರು. ಮೇಡಂ ಅವರ ಮಾತನ್ನು ತಡೆಯಲಿಲ್ಲ, ಹಲಗೆಯ ಮೇಲೆ ಬರೆದುಕೊಂಡರು.

ಇನ್ನು ಆರನೆಯ ವಾರದ ಅಭ್ಯಾಸ. ತುಮಕೂರು ಜಿಲ್ಲೆಯ ವಕೀಲರಿಗೆ ಇದೊಂದಕ್ಕಾಗಿಯೇ ಶುಲ್ಕ ಕೊಡಬಹುದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯಿಂದ ನಮ್ಮಲ್ಲಿಗೆ ಬರುವ ಕಕ್ಷಿದಾರರಲ್ಲಿ ತೆಂಗಿನ ತೋಟದ ಮೇಲೆ ಹೈಟೆನ್ಷನ್ ಲೈನ್ ಹೋದವರು ಬಹಳ ಮಂದಿ ಇರುತ್ತಾರೆ. ನಾವು ಮಾಡುವುದಿಷ್ಟೇ: ಕಡಿದ ಮರಗಳನ್ನು ಎಣಿಸುತ್ತೇವೆ, ಇಳುವರಿಯ ಲೆಕ್ಕ ಹಾಕುತ್ತೇವೆ, ಕೊಟ್ಟ ಪರಿಹಾರ ಸಾಲದೆಂದು ಅರ್ಜಿ ಹಾಕುತ್ತೇವೆ. ಮೇಡಂ ಎಲ್ಲರ ಕೈಗೆ ಒಂದು ಹಿಸ್ಸಾ ನಕ್ಷೆಯ ನಕಲು, ಒಂದು ಸ್ಕೇಲು, ಒಂದು ಕೆಂಪು ಪೆನ್ನು ಕೊಟ್ಟರು. ಎರಡು ಎಕರೆಯ ತೋಟ, ಸುಮಾರು 90 ಮೀಟರ್ ಉದ್ದ, 90 ಮೀಟರ್ ಅಗಲ, ಒಂಬತ್ತು ಮೀಟರಿಗೊಂದರಂತೆ ಹತ್ತು ಸಾಲು ಮರ. ಅದರ ಮೇಲೆ 220 ಕೆ.ವಿ. ಲೈನ್ ಎಳೆಯಿರಿ ಎಂದರು. ನಾನು ನಟ್ಟನಡುವೆ ಗೆರೆ ಎಳೆದೆ. ಪಕ್ಕದವರು ಬದುವಿನ ಅಂಚಿಗೆ ಎಳೆದರು. ಈಗ ಗೆರೆಯ ಎರಡೂ ಕಡೆ ಹದಿನೇಳೂವರೆ ಮೀಟರ್ ಅಳೆದು ಬಣ್ಣ ಹಚ್ಚಿ ಎಂದರು, ಏಕೆಂದರೆ ಆ ಲೈನಿನ ಕೆಳಗೆ ಮರ, ಮನೆ ಇಲ್ಲದಂತೆ ಬಿಡಬೇಕಾದ ಪಟ್ಟಿ, ಅಂದರೆ ಕಾರಿಡಾರ್, 35 ಮೀಟರ್. ಬಣ್ಣ ಹಚ್ಚಿದ ಮೇಲೆ ನೋಡಿದರೆ ನನ್ನ ನಕ್ಷೆಯಲ್ಲಿ ನಡುವಿನ ನಾಲ್ಕು ಸಾಲು ಹೋಗಿ, ಆಚೆಗೆ ಮೂರು, ಈಚೆಗೆ ಮೂರು ಸಾಲು ಉಳಿದಿದ್ದವು. ಒಂದು ತೋಟ ಎರಡು ತುಂಡಾಗಿತ್ತು. ಪಕ್ಕದವರ ನಕ್ಷೆಯಲ್ಲಿ ಕಾರಿಡಾರಿನ ಅರ್ಧ ಭಾಗ ನೆರೆಯವರ ಜಮೀನಿಗೆ ಬಿದ್ದಿತ್ತು, ಹೋದದ್ದು ಎರಡೇ ಸಾಲು, ಉಳಿದ ಎಂಟು ಸಾಲು ಒಂದೇ ಕಡೆ ಇದ್ದವು.

ಅದಾದ ಮೇಲೆ ಅವರು 2007ರ ಕೇರಳ ವಿದ್ಯುತ್ ಮಂಡಳಿ ವಿರುದ್ಧ ಲಿವಿಷಾ ಪ್ರಕರಣದ ತೀರ್ಪಿನ ಒಂದು ಭಾಗವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಜಮೀನು ಎಲ್ಲಿದೆ, ಲೈನು ಎಷ್ಟು ಉದ್ದ ಹಾಯ್ದಿದೆ, ಅಂಚಿನಲ್ಲಿ ಸಣ್ಣ ತುಂಡಿನ ಮೇಲೆ ಹೋಗಿದೆಯೋ ನಡುಮಧ್ಯೆ ಸೀಳಿದೆಯೋ, ಇವೆಲ್ಲವೂ ಪರಿಹಾರದ ಲೆಕ್ಕಕ್ಕೆ ಬರಬೇಕು ಎಂದು ಆ ತೀರ್ಪು ಹೇಳುತ್ತದೆ. ಎಂಟು ವರ್ಷಗಳಿಂದ ನಾನು ಸಲ್ಲಿಸಿದ ಅರ್ಜಿಗಳಲ್ಲಿ ಮರಗಳ ಸಂಖ್ಯೆ ಇದೆ, ನಕ್ಷೆ ಇಲ್ಲ. ಬಣ್ಣ ಹಚ್ಚಿದ ಆ ಹಾಳೆಯನ್ನು ನೋಡುತ್ತಾ ನನಗೆ ಬಹಳ ಹೊತ್ತು ಬೇರೇನೂ ಕೇಳಿಸಲಿಲ್ಲ. ಆ ಕಾರಿಡಾರಿನ ಸುಮಾರು 31 ಗುಂಟೆಯಲ್ಲಿ ಇನ್ನು ಮುಂದೆ ತೆಂಗು ಹಾಕುವಂತಿಲ್ಲ, ಮನೆ ಕಟ್ಟುವಂತಿಲ್ಲ. ಪಹಣಿಯಲ್ಲಿ ಮಾತ್ರ ಎರಡು ಎಕರೆ ಎಂದೇ ಇರುತ್ತದೆ.

ಇದೇ ಪಾಠದಲ್ಲಿ ಅವರ ಶ್ರದ್ಧೆಯ ಇನ್ನೊಂದು ಗುರುತು ಕಂಡಿತು. ಅವರ ಹಳೆಯ ಟಿಪ್ಪಣಿಯಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ 10 ಮತ್ತು 16ನೇ ಕಲಂಗಳು ಟೈಪ್ ಆಗಿದ್ದವು. ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಕಲಮಿನ ಮೂಲಕ ಲೈನ್ ಎಳೆಯುವವರಿಗೆ ಸಿಗುವ ಅಧಿಕಾರವೂ, ಪರಿಹಾರ ಸಾಲದಾದಾಗ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುವ ದಾರಿಯೂ ಅಲ್ಲೇ ಇರುವುದು. ಆ ಹಾಳೆಯ ಅಂಚಿಗೆ ಅವರು ಹೊಸದಾಗಿ ಒಂದು ಚೀಟಿ ಅಂಟಿಸಿದ್ದರು: 2023ರ ದೂರಸಂಪರ್ಕ ಕಾಯ್ದೆ ಹಳೆಯ ಕಾಯ್ದೆಯನ್ನು ತೆಗೆದುಹಾಕಿದರೂ, 164ನೇ ಕಲಮಿನ ಲೈನುಗಳ ಮಟ್ಟಿಗೆ ಈ ಕಲಂಗಳಿರುವ ಅದರ ಮೂರನೆಯ ಭಾಗವನ್ನು ಉಳಿಸಿಕೊಂಡಿದೆ ಎಂದು. ಅದರ ಕೆಳಗೆ ಇನ್ನೊಂದು ಚೀಟಿ: ಕೇಂದ್ರದ 2015ರ ಮಾರ್ಗಸೂಚಿಯಲ್ಲಿ ಟವರ್ ಕೂರುವ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ಕಾರಿಡಾರಿಗೆ ಶೇ. 15ರವರೆಗೆ ಎಂದಿತ್ತು, 2024ರ ಜೂನ್‌ನ ಮಾರ್ಗಸೂಚಿಯಲ್ಲಿ ಅದು ಶೇ. 200 ಮತ್ತು ಶೇ. 30 ಆಗಿದೆ. ಮಾರ್ಗಸೂಚಿ ಎಂಬುದು ಮಾರ್ಗಸೂಚಿಯೇ, ರಾಜ್ಯ ಅದನ್ನು ಒಪ್ಪಿ ಆದೇಶ ಮಾಡಿದೆಯೇ ಎಂದು ನೋಡದೆ ಅರ್ಜಿಯಲ್ಲಿ ಹಕ್ಕು ಎಂದು ಬರೆಯಬೇಡಿ ಎಂದೂ ಎಚ್ಚರಿಸಿದರು. ನಿವೃತ್ತರಾದ ಮೇಲೂ ಟಿಪ್ಪಣಿಗೆ ಚೀಟಿ ಅಂಟಿಸುತ್ತಿರುವ ಅಧ್ಯಾಪಕರು ನಮಗೆ ಎಷ್ಟು ಮಂದಿ ಸಿಗುತ್ತಾರೆ?

ಪಾವಗಡದ ಸೋಲಾರ್ ಪಾರ್ಕಿನ ಮೇಲೆ ಎರಡು ವಾರ ಪಾಠವಾಯಿತು. ಅದು ನನ್ನ ಮನೆಯ ವಿಷಯ. ನನ್ನ ಚಿಕ್ಕಪ್ಪನ ಜಮೀನು ಅಲ್ಲಿ ಗುತ್ತಿಗೆಗೆ ಹೋಗಿದೆ. ತಿರುಮಣಿ, ವಳ್ಳೂರು, ರಾಯಚೆರ್ಲು, ಬಾಲಸಮುದ್ರ, ಕ್ಯಾತಗಾನಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಉತ್ಪಾದನೆ. ರೈತರಿಂದ ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ, ಮೂರರಲ್ಲಿ ಎರಡು ವರ್ಷ ಬೀಜವೂ ಹುಟ್ಟದೆ ಕುಳಿತವರಿಗೆ ಆ ಹಣ ಸಣ್ಣದಲ್ಲ. ಚಿಕ್ಕಪ್ಪ ಮಗಳನ್ನು ಓದಿಸಿದ್ದು ಅದರಿಂದಲೇ. ಮೇಡಂ ಇದನ್ನು ಅಲ್ಲಗಳೆಯಲಿಲ್ಲ. ಅವರು ತೋರಿಸಿದ್ದು ಬೇರೊಂದು ಕಡೆ ಇರುವ ಬಿರುಕನ್ನು. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸೌರ ವಿದ್ಯುತ್ ಘಟಕಗಳಿಗೆ ಮುಂಚಿತ ಪರಿಸರ ಅನುಮತಿ ಬೇಕಿಲ್ಲ. ಅನುಮತಿ ಬೇಕಿಲ್ಲವೆಂದ ಮೇಲೆ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಭೂಮಿಯನ್ನು ಸ್ವಾಧೀನ ಮಾಡಿಕೊಂಡಿದ್ದರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕಿತ್ತು, ಆ ನೆಲದ ಮೇಲಿನ ಕೂಲಿಯನ್ನು ನಂಬಿದ ಭೂರಹಿತ ಕುಟುಂಬಗಳೂ ಬಾಧಿತರೆಂದು ಲೆಕ್ಕಕ್ಕೆ ಬರುತ್ತಿದ್ದವು. ಗುತ್ತಿಗೆಯಾದ್ದರಿಂದ ಆ ಬಾಗಿಲೂ ತೆರೆಯಲಿಲ್ಲ. ಪರಿಸರ ಕಾನೂನು ಇದು ಹಸಿರು ಇಂಧನ ಎಂದು ಪಕ್ಕಕ್ಕೆ ಸರಿಯಿತು, ಭೂ ಕಾನೂನು ಇದು ಸ್ವಾಧೀನವಲ್ಲ ಎಂದು ಪಕ್ಕಕ್ಕೆ ಸರಿಯಿತು, ವಿದ್ಯುತ್ ಕಾನೂನು ನನ್ನ ಕೆಲಸ ಯೂನಿಟ್ಟಿನ ದರ ಎಂದಿತು. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದರು. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಯಾರ ಮುಂದೆ ಮಾತಾಡಬೇಕಿತ್ತು ಎಂದು ಮೇಡಂ ಕೇಳಿದಾಗ, ನಮ್ಮ ತಂಡದಲ್ಲಿದ್ದ ಒಂದು ಸೋಲಾರ್ ಕಂಪನಿಯ ಭೂ ವಿಭಾಗದ ಯುವಕರು, ನಮಗೆ ಯಾರೂ ಹಾಗೆ ಕೇಳಬೇಕೆಂದು ಹೇಳಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು.

ಇದರ ಮುಂದಿನ ಕೊಂಡಿಯಾಗಿ 2024ರ ಮಾರ್ಚ್ 21ರ ರಂಜಿತ್‌ಸಿಂಹ ಪ್ರಕರಣದ ತೀರ್ಪನ್ನು ಓದಿದೆವು. ರಾಜಸ್ಥಾನ, ಗುಜರಾತಿನ ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯುವುದನ್ನು ತಡೆಯಲು ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು 2021ರಲ್ಲಿ ಆಗಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ ಸಡಿಲಿಸಿತು. ಅದೇ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳ ವಿರುದ್ಧದ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿದೆ ಎಂದೂ ಹೇಳಿತು. ಹಕ್ಕಿಯ ಪರ ನಿಂತರೆ ಸೂರ್ಯಶಕ್ತಿಯ ವಿರುದ್ಧ, ಸೂರ್ಯಶಕ್ತಿಯ ಪರ ನಿಂತರೆ ಹಕ್ಕಿಯ ವಿರುದ್ಧ ಎಂದು ವಾದ ನಿಲ್ಲುವ ಜಾಗ ಇದು. ಮೇಡಂ ತಮ್ಮ ತೀರ್ಮಾನವನ್ನು ಹೇಳದೆ ನಮ್ಮಿಂದ ಎರಡು ಪುಟ ಬರೆಸಿದರು. ಇಲ್ಲಿ ನನಗೊಂದು ಅತೃಪ್ತಿ ಇದೆ: ಮೂವತ್ತು ವರ್ಷ ಈ ಪ್ರಶ್ನೆಯ ಜೊತೆ ಬದುಕಿದವರ ತೀರ್ಮಾನವನ್ನು ಕೇಳಲೆಂದೇ ನಾವು ಬಂದಿದ್ದೆವು, ಅದನ್ನು ಅವರು ಹೇಳಬೇಕಿತ್ತು.

ನನ್ನ ಒಂದು ತಪ್ಪನ್ನೂ ಇಲ್ಲಿ ಬರೆಯಬೇಕು, ಏಕೆಂದರೆ ಈ ತರಗತಿ ಮೊದಲೇ ಸಿಕ್ಕಿದ್ದರೆ ಅದು ಆಗುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕ್ರಷರ್ ದೂಳಿನಿಂದ ಹೊಲ ಹಾಳಾದ ಕುಟುಂಬವೊಂದು ನನ್ನ ಬಳಿ ಬಂದಿತ್ತು. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಮನವಿ ಕೊಡಿಸುತ್ತಾ ಹತ್ತು ತಿಂಗಳು ಕಳೆದೆ. ಕೊನೆಗೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗೋಣವೆಂದು ಹೊರಟಾಗ, 2010ರ ಕಾಯ್ದೆಯ 14ನೇ ಕಲಮಿನ ಆರು ತಿಂಗಳ ಅವಧಿಯೂ, ಅದರ ಮೇಲೆ ಸಿಗಬಹುದಾದ 60 ದಿನಗಳೂ ಮುಗಿದಿದ್ದವು. ಬಾಗಿಲು ಮುಚ್ಚಿತೆಂದು ಆ ಕುಟುಂಬಕ್ಕೆ ಹೇಳಿ ಕಳುಹಿಸಿದೆ. ಪರಿಹಾರ ಕೇಳುವುದಾದರೆ 15ನೇ ಕಲಮಿನಲ್ಲಿ ಐದು ವರ್ಷಗಳ ಅವಧಿ ಇದೆ ಎಂಬುದು ನನಗೆ ಸರಿಯಾಗಿ ತಲೆಗೆ ಹೋದದ್ದು ಒಂಬತ್ತನೆಯ ವಾರ. ಪರಿಹಾರದ ಬೇಡಿಕೆಯಿಲ್ಲದ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ, ಅನುಮತಿಯ ವಿರುದ್ಧದ ಮೇಲ್ಮನವಿಗೆ 30 ದಿನ, ಮನವಿ ಕೊಟ್ಟುಕೊಂಡು ಕಾಯುತ್ತಿದ್ದೆ ಎಂಬುದು ಕಾಲಮಿತಿಯನ್ನು ನಿಲ್ಲಿಸುವುದಿಲ್ಲ: ಇಂಥ ವಿಷಯಗಳನ್ನು ಅವರು ಅಡುಗೆಯ ಅಳತೆ ಹೇಳುವಷ್ಟು ಸ್ಪಷ್ಟವಾಗಿ ಹೇಳಿದರು. ಅದೇ ದಿನ 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಸತ್ತ ಘಟನೆಯನ್ನು ಮುಂದಿಟ್ಟು, ಕಲ್ಲುಗಣಿಗೆ ಪರಿಸರ ಅನುಮತಿ, ಸ್ಫೋಟಕಗಳ ಪರವಾನಗಿ, ಕ್ರಷರಿನ ಸುರಕ್ಷಿತ ವಲಯ ಇವು ಮೂರು ಬೇರೆ ಬೇರೆ ಇಲಾಖೆಗಳ ಮೇಜಿನ ಮೇಲೆ ಹೇಗೆ ಹಂಚಿಹೋಗುತ್ತವೆ ಎಂದು ವಿವರಿಸಿದರು. ತರಗತಿ ಮುಗಿದ ಮರುದಿನವೇ ಆ ಕುಟುಂಬಕ್ಕೆ ಫೋನ್ ಮಾಡಿದೆ. ಐದು ವರ್ಷ ಇನ್ನೂ ತುಂಬಿಲ್ಲ.

ಕೊರತೆಗಳ ಬಗ್ಗೆ. ವ್ಯವಸ್ಥೆ ಮಾಡುವವರು ಮೇಡಂ ಅಲ್ಲ, ಬೇರೊಂದು ಸಂಸ್ಥೆಯವರು. ಮುದ್ರಿತ ಟಿಪ್ಪಣಿ ಮೊದಲ ದಿನವೇ ಕೊಡುತ್ತೇವೆ ಎಂದವರು ಐದನೆಯ ವಾರ ಕೊಟ್ಟರು. ಅದರಲ್ಲೂ ಎರಡು ಅಧ್ಯಾಯಗಳು ಬಿಟ್ಟುಹೋಗಿದ್ದವು. ಕೊನೆಯ ಮೂರು ವಾರಗಳ ತೀರ್ಪುಗಳಿಗೆ ಕನ್ನಡದ ಸಾರಾಂಶವಿರಲಿಲ್ಲ, ಹೀಗಾಗಿ ವಕೀಲರಲ್ಲದವರು ಹಿಂದೆ ಬಿದ್ದರು. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯೊಬ್ಬರು, ಇಬ್ಬರು ಶಾಲಾ ಶಿಕ್ಷಕರು, ಆ ಕೋಲಾರದ ರೈತರು ಎಲ್ಲರೂ ಹಣ ಕೊಟ್ಟೇ ಬಂದವರು. ಅವರಿಗೆ ಇದು ಅನ್ಯಾಯ. ಸಿಗುವ ಪ್ರಮಾಣಪತ್ರಕ್ಕೆ ಬಡ್ತಿಯಲ್ಲಾಗಲಿ ನೇಮಕಾತಿಯಲ್ಲಾಗಲಿ ಬೆಲೆಯಿಲ್ಲ. ಅದನ್ನು ನಂಬಿ ಸೇರುವವರು ಸೇರಬಾರದು.

ಪಾಠದೊಳಗಿನ ಕೊರತೆ ಇದಕ್ಕಿಂತ ದೊಡ್ಡದು. ಇಂಧನ ಕಾನೂನಿನ ದರದ ಭಾಗವನ್ನು, ಅಂದರೆ ವಿದ್ಯುತ್ ಖರೀದಿ ಒಪ್ಪಂದ, ಕಂಪನಿಗಳ ವಾರ್ಷಿಕ ಆದಾಯದ ಅರ್ಜಿ, ಆಯೋಗದ ಮುಂದಿನ ಸಾರ್ವಜನಿಕ ವಿಚಾರಣೆ ಎಲ್ಲವನ್ನೂ ಒಂದೇ ಭಾನುವಾರದಲ್ಲಿ ಮುಗಿಸಿದರು. ಬೆಸ್ಕಾಂ ದರ ಏರಿಸಬೇಕೆಂದು ಅರ್ಜಿ ಹಾಕಿದಾಗ ಯಾವ ಗ್ರಾಹಕನೂ ಆಕ್ಷೇಪಣೆ ಸಲ್ಲಿಸಬಹುದು ಎಂಬುದನ್ನು ಹೇಳಿದರು, ಆದರೆ ಆ ಆಕ್ಷೇಪಣೆ ಬರೆಯುವುದು ಹೇಗೆಂದು ಹಿಸ್ಸಾ ನಕ್ಷೆಯ ಹಾಗೆ ಕೈಹಿಡಿದು ಮಾಡಿಸಲಿಲ್ಲ. ಗ್ರಾಹಕರು ತಮಗೆ ಬೇಕಾದ ಉತ್ಪಾದಕರಿಂದ ನೇರವಾಗಿ ಹಸಿರು ವಿದ್ಯುತ್ ಕೊಳ್ಳಲು ಬಿಡುವ 2022ರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು, ಅದಕ್ಕಿದ್ದ ಒಂದು ಮೆಗಾವಾಟಿನ ಮಿತಿಯನ್ನು 100 ಕಿಲೋವಾಟಿಗೆ ಇಳಿಸಿವೆ. ನಮ್ಮ ಕಡೆಯ ಅಕ್ಕಿ ಗಿರಣಿ, ತೆಂಗಿನ ನಾರಿನ ಕಾರ್ಖಾನೆಗಳ ಮಾಲೀಕರಿಗೆ ಇದರಿಂದ ಏನು ಅನುಕೂಲ ಎಂಬುದಕ್ಕೆ ಹತ್ತು ನಿಮಿಷವೂ ಸಿಗಲಿಲ್ಲ. ಪರಿಸರಕ್ಕೆ ಎಂಟು ವಾರ, ಇಂಧನಕ್ಕೆ ನಾಲ್ಕು ವಾರ ಎಂಬ ಹಂಚಿಕೆ ಬದಲಾಗಬೇಕು. ಇದನ್ನು ಅವರ ಮುಂದೆಯೇ ಹೇಳಿದೆ. ವೃತ್ತಿಯ ಕೊನೆಯ ಹತ್ತು ವರ್ಷ ದರದ ಆದೇಶಗಳನ್ನು ಓದುವುದರಲ್ಲೇ ಕಳೆದೆ, ಆದರೆ ಅದನ್ನು ಕಲಿಸಲು ಯಾವ ಕಾಲೇಜಿನಲ್ಲೂ ತರಗತಿ ಸಿಗಲಿಲ್ಲ, ಕಲಿಸದ ವಿಷಯ ಬಾಯಿಗೆ ಹಿಡಿತ ಕೊಡುವುದಿಲ್ಲ ಎಂದರು. ತಾಲ್ಲೂಕು ವಕೀಲರಿಗಾಗಿ ಕನ್ನಡದಲ್ಲಿ ಬರೆದ ಟಿಪ್ಪಣಿಗಳಿಗೆ ಬಡ್ತಿಯ ಅಂಕಪಟ್ಟಿಯಲ್ಲಿ ಒಂದು ಅಂಕವೂ ಬರಲಿಲ್ಲ ಎಂಬುದನ್ನು ಅವರು ಅದೇ ಸಮಾಧಾನದ ದನಿಯಲ್ಲಿ ಹೇಳಿದರು. ನನಗೆ ಆ ಸಮಾಧಾನ ಬರಲಿಲ್ಲ.

ಭೂಮಿ, ಲೈನು, ಗಣಿಗಾರಿಕೆಯ ಮೊಕದ್ದಮೆಗಳನ್ನು ಕೈಗೆತ್ತಿಕೊಳ್ಳುವ ಕಿರಿಯ ವಕೀಲರು ಕಣ್ಣುಮುಚ್ಚಿ ಸೇರಬಹುದು. ಪಂಚಾಯಿತಿಯಲ್ಲಿ ಕೆಲಸ ಮಾಡುವವರಿಗೂ, ತಮ್ಮ ಜಮೀನಿನ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಓದಬೇಕೆನ್ನುವ ರೈತರಿಗೂ ಮೊದಲ ಎಂಟು ವಾರ ತುಂಬಾ ಉಪಯೋಗವಾಗುತ್ತದೆ. ಪಾವಗಡ, ಶಿರಾ ಕಡೆಯಿಂದ ಬರುವವರು ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಬೇಕು. ಮೇಡಂ ಸರಿಯಾಗಿ ಹತ್ತಕ್ಕೆ ಆರಂಭಿಸುತ್ತಾರೆ, ತಡವಾಗಿ ಬಂದವರಿಗಾಗಿ ಹಿಂದಕ್ಕೆ ಹೋಗುವುದಿಲ್ಲ. ಸ್ಕೇಲು ಮತ್ತು ಕೆಂಪು ಪೆನ್ನನ್ನು ನೀವೇ ತನ್ನಿ.

ಮುಂದಿನ ತಂಡಕ್ಕೆ ಗುತ್ತಿಗೆ ಪತ್ರವನ್ನು ಸಾಲುಸಾಲಾಗಿ ಓದುವ ಹೊಸ ಪಾಠವೊಂದನ್ನು ಸೇರಿಸುತ್ತಿರುವುದಾಗಿ ಕೊನೆಯ ದಿನ ಹೇಳಿ, ಚಿಕ್ಕಪ್ಪನ ಪತ್ರದ ನಕಲು ಸಿಗುತ್ತದೆಯೇ ಎಂದು ಮೇಡಂ ನನ್ನನ್ನು ಕೇಳಿದರು. ಹೆಸರು, ಸರ್ವೆ ನಂಬರು ಮುಚ್ಚಿ ನಕಲು ತೆಗೆಸಲು ಊರಿಗೆ ಹೋಗಿದ್ದೆ. ಪತ್ರವನ್ನು ಟ್ರಂಕಿನಿಂದ ತೆಗೆದು ಕೊಡುತ್ತಾ ಚಿಕ್ಕಪ್ಪ, ನಕಲು ಯಾಕೆ, ಪತ್ರ ಹಿಡಿದುಕೊಂಡು ನಾನೇ ಬಂದು ಕೂರುತ್ತೇನೆ, ಅದರಲ್ಲಿ ಏನು ಬರೆದಿದೆಯೆಂದು ನನಗೂ ಕೇಳಬೇಕಿದೆ ಎಂದರು. ಅವರ ಹೆಸರಿನಲ್ಲೂ ಒಂದು ಅರ್ಜಿ ತುಂಬಿ ಕೊಟ್ಟು ಬಂದಿದ್ದೇನೆ.